ಪುಣೆದಿಂದ ತಂದ 520ಡಿ ಕೆಳಗ ಕೂಡಸ್ಬೇಕಂದ್ರ ಮೊದಲ ಬುಷ್ ನೋಡ್ರಿ

ಪ್ರಶ್ನೆ: ನಮಸ್ಕಾರ್ರಿ ಸರ್. ನಾ ಮುಧೋಳದಾಂವ, ಕಬ್ಬಿನ ಹೊಲ ಐತಿ. ಹೋದ ತಿಂಗಳ ಪುಣೆದಿಂದ 2013ರ ಬಿಎಮ್‌ಡಬ್ಲ್ಯು 520ಡಿ ಸೆಕೆಂಡ್ ಹ್ಯಾಂಡ್ ತಗೊಂಡೀನಿ, ಬಿಳಿ ಕಲರ್, 17 ಇಂಚ್ ರಿಮ್. ವಾರಕ್ಕೊಮ್ಮೆ ಗೋಕಾಕ ಮ್ಯಾಲೆ ಬೆಳಗಾವಿಗೆ ಹೋಗಬೇಕಾಗ್ತೈತಿ, ಆಗಾಗ ವಿಜಯಪುರಕ್ಕೂ ಹೋಗ್ತೀವಿ. ಗಾಡಿ ನೋಡಾಕ ಎತ್ತರ ಕಾಣ್ತೈತ್ರಿ, ಟೈರ್ ಮ್ಯಾಲೆ ಕೈ ಹೋಗುವಷ್ಟು ಗ್ಯಾಪ್ ಐತಿ. 20 ಇಂಚ್ ರಿಮ್ ಹಾಕಿ, ಕೆಳಗ ಕೂಡಿಸಿ, ಬಾಡಿಗೆ ಮ್ಯಾಟ್ ಬ್ಲ್ಯಾಕ್ ಫಿಲ್ಮ್ ರ‍್ಯಾಪ್ ಮಾಡ್ಸೋ ವಿಚಾರ ಐತಿ. ಒಬ್ರು ಸ್ಪ್ರಿಂಗ್ ಕಟ್ ಮಾಡಿದ್ರ ಸಾಕಂತಾರ, ಒಬ್ರು ಕಾಯಿಲ್‌ಓವರ್ (ಎತ್ತರ ಹೆಚ್ಚು-ಕಮ್ಮಿ ಮಾಡಾಕ ಬರೋ ಸ್ಪ್ರಿಂಗ್-ಶಾಕಪ್ ಸೆಟ್) ಅಂತಾರ, ಗೆಳ್ಯಾ ಒಬ್ಬಾಂವ ಏರ್ ಸಸ್ಪೆನ್ಶನ್ ಹಾಕ್ಸು ಅಂತಾನ. ಒಟ್ಟು ಮೂರ್ ಲಕ್ಷ ಇಟ್ಕೊಂಡೀನಿ. ತೆಗ್ಗಿಗೆ ಬಿದ್ರ ಮುಂದಿಂದ ಟಕ್ ಟಕ್ ಅಂತ ಸಣ್ಣ ಸಪ್ಪಳ ಬರ್ತೈತಿ, ಅದೇನ್ ದೊಡ್ಡದಲ್ಲ ಅಂತ ಮೆಕ್ಯಾನಿಕ್ ಹೇಳ್ಯಾನ. ಯಾವದು ಮೊದಲ ಮಾಡ್ಲಿ?

ಉತ್ತರ: ನೀವು ಕಡೀಕ ಬರ‍್ದಿರೋ ಆ ಟಕ್ ಟಕ್ ಸಪ್ಪಳದಿಂದನ ಸುರು ಮಾಡ್ತೀನ್ರಿ, ಯಾಕಂದ್ರ ನಿಮ್ಮ ಮೂರ್ ಲಕ್ಷದಾಗ ಮೊದಲನೇ ರೊಕ್ಕ ಹೋಗಬೇಕಾದ್ದು ಅಲ್ಲಿಗೆ. ನಿಮ್ದು ಎಫ್10 ಅನ್ನೋ ಮಾಡೆಲ್, 2010ರಿಂದ ಬಂದ 5 ಸೀರೀಸ್. ಇದರ ಮುಂದಿನ ಸಸ್ಪೆನ್ಶನ್ ಡಬಲ್ ವಿಶ್‌ಬೋನ್, ನಮ್ಮ ಕಡೆ ಹೆಚ್ಚಿನ ಗಾಡಿಗೆ ಇರೋ ಸಾದಾ ಸ್ಟ್ರಟ್ ಅಲ್ಲ, ಅದಕ್ಕ ಆರ್ಮು ಹೆಚ್ಚು, ಆ ಆರ್ಮ್ ಕೂಡೋ ಕಡೆ ಇರೋ ರಬ್ಬರ್ ಬುಷ್ ಹೆಚ್ಚು. ಅದರಾಗ ಥ್ರಸ್ಟ್ ಆರ್ಮ್ ಅಂತ ಒಂದ್ ಐತಿ, ಅದರ ಬುಷ್ ಒಳಗ ಎಣ್ಣಿ ತುಂಬಿರ್ತೈತಿ, ವಯಸ್ಸಾದ್ರ ರಬ್ಬರ್ ಸೀಳಿ ಎಣ್ಣಿ ಸೋರ್ತೈತಿ, ಆಮ್ಯಾಲೆ ಬ್ರೇಕ್ ಹೊಡೆದಾಗ ಸ್ಟೇರಿಂಗ್ ನಡುಗತೈತಿ, ತೆಗ್ಗಿಗೆ ಟಕ್ ಅಂತೈತಿ. ಲಿಂಕ್ ರಾಡ್ ಲೂಸ್ ಆದ್ರೂ ಸಪ್ಪಳ ಹಿಂಗ, ಶಾಕಪ್ ಮ್ಯಾಲಿನ ಮೌಂಟ್ ಹೋದ್ರೂ ಹಿಂಗ. ಹತ್ತ ವರ್ಷ ದಾಟಿದ ಗಾಡಿಗೆ ಇವೆಲ್ಲ ಸಹಜ, ಹೆದರೋದ್ ಬ್ಯಾಡ. ಆದ್ರ ಸವೆದ ಬುಷ್ ಮ್ಯಾಲೆ ಹೊಸ ಲೋವರಿಂಗ್ ಸ್ಪ್ರಿಂಗ್ ಹಾಕಿದ್ರ ಎರಡೂ ಹಾಳ, ಗಟ್ಟಿ ಸ್ಪ್ರಿಂಗ್ ಹೊಡೆತ ನೇರ ಆ ಬುಷ್‌ಗೆ ಹೋಗ್ತೈತಿ, ಮೂರ್ ತಿಂಗಳಾಗಿಲ್ಲ ಗಾಡಿ ಡಬ್ಬಿ ಬಡದಂಗ ಬಡೀತೈತಿ ಅಂತ ಮಂದಿ ಸ್ಪ್ರಿಂಗ್‌ಗೆ ಬೈತಾರ, ಸ್ಪ್ರಿಂಗ್‌ದೇನೂ ತಪ್ಪಿರಂಗಿಲ್ಲ.

ಗಾಡಿ ಲಿಫ್ಟ್ ಮ್ಯಾಲೆ ಎತ್ತಿಸಿ ಒಂದೊಂದ್ ಆರ್ಮ್‌ಗೂ ರಾಡ್ ಹಾಕಿ ಎಬ್ಬಿಸಿ ನೋಡಾಕ ಹೇಳ್ರಿ, ಎದುರಿಗೆ ನಿಂತು ನೋಡ್ರಿ. ಶಾಕಪ್ ಮ್ಯಾಲೆ ಎಣ್ಣಿ ಪಸಿ ಐತೇನ, ಧೂಳ ಅಂಟಿ ಕಪ್ಪಗಾಗೇತೇನ, ಒಳಗಿನ ಫೋಮ್ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರಾ ಒತ್ತಿದಾಗ ತಡಿಯೋ ತುಂಡು) ಪುಡಿ ಆಗೇತೇನ ಅದನ್ನೂ ನೋಡ್ರಿ. ಇನ್ನೊಂದ್ ಮಾತು, ಇದನ್ನ ಭಾಳ ಗ್ಯಾರೇಜಿನಾಗ ಮಾಡಂಗಿಲ್ಲ: ಹೊಸ ಬುಷ್ ಹಾಕಿದ ಮ್ಯಾಲೆ ಅದರ ಬೋಲ್ಟ್ ಫೈನಲ್ ಟೈಟ್ ಮಾಡೋದು ಗಾಡಿ ಭಾರ ವ್ಹೀಲ್ ಮ್ಯಾಲೆ ಇದ್ದಾಗನ. ವ್ಹೀಲ್ ಜೋತುಬಿದ್ದಾಗ ಟೈಟ್ ಮಾಡಿಬಿಟ್ರ ಗಾಡಿ ಕೆಳಗಿಳಿಸಿದ ಕೂಡ್ಲೇ ಒಳಗಿನ ರಬ್ಬರ್ ತಿರುಚಿಕೊಂಡು ಯಾವಾಗ್ಲೂ ಹಂಗ ಎಳದಾಡ್ಕೋತ ಇರ್ತೈತಿ, ಬೇಗ ಹರೀತೈತಿ. ಮುಂದ ನೀವು ಗಾಡಿ ಕೆಳಗ ಮಾಡಿಸಿದ್ರಂತೂ ಎತ್ತರ ಬದಲಾಗಿರ್ತೈತಿ, ಎಲ್ಲಾ ಬುಷ್ ಬೋಲ್ಟ್ ಸಡಲ ಬಿಟ್ಟು ಹೊಸ ಎತ್ತರದಾಗ ಮತ್ತ ಟೈಟ್ ಮಾಡಬೇಕು. ಇಷ್ಟ ಗೊತ್ತಿದ್ದಾಂವ ಅಂದ್ರ ಅಂವಾ ಕೆಲಸ ಬಲ್ಲಾಂವ ಅಂತ ತಿಳ್ಕೋರಿ.

ಈಗ ರಿಮ್ ವಿಷಯ. ನೀವು 20 ಇಂಚ್ ಹಾಕಿದ್ರ ಗ್ಯಾಪ್ ತುಂಬ್ತೈತಿ ಅಂದ್ಕೊಂಡೀರಿ, ತುಂಬಂಗಿಲ್ರಿ. ಲೆಕ್ಕಾ ನೋಡ್ರಿ. ನಿಮ್ಮ ಗಾಡಿಗೆ ಈಗ ಇರೋದು 225/55 ಆರ್17 (ಅಗಲ 225 ಮಿಲಿಮೀಟರ್, ರಬ್ಬರ್ ಗೋಡೆ ಅದರ 55 ಪರ್ಸೆಂಟ್, ರಿಮ್ 17 ಇಂಚ್), ಅದರ ಪೂರಾ ಎತ್ತರ 679 ಮಿಲಿಮೀಟರ್. 18ಕ್ಕ 245/45 ಹಾಕಿದ್ರ 678, 19ಕ್ಕ 245/40 ಹಾಕಿದ್ರ 679, 20ಕ್ಕ 245/35 ಹಾಕಿದ್ರ ಹತ್ರ ಹತ್ರ 680. ಅಂದ್ರ ಟೈರಿನ ಹೊರಗಿನ ಸೈಜ್ ಎಲ್ಲಾದ್ರಾಗೂ ಅಷ್ಟ, ಹಂಗ ಇರಬೇಕು, ಇಲ್ಲಾಂದ್ರ ಸ್ಪೀಡೋಮೀಟರ್, ಎಬಿಎಸ್ ಲೆಕ್ಕ ತಪ್ತಾವ. ಬದಲಾಗೋದು ರಬ್ಬರ್ ಗೋಡೆ ಮಾತ್ರ: 17ರಾಗ 124 ಮಿಲಿಮೀಟರ್ ಇದ್ದದ್ದು 18ರಾಗ 110, 19ರಾಗ 98, 20ರಾಗ 86ಕ್ಕ ಇಳೀತೈತಿ. ಮಡ್‌ಗಾರ್ಡ್ ಗ್ಯಾಪ್ ಇದ್ದಷ್ಟ ಇರ್ತೈತಿ, ತೆಗ್ಗಿನಾಗ ರಿಮ್ ಕಾಯೋ ರಬ್ಬರ್ ಮಾತ್ರ ಸುಮಾರು ನಾಕ ಸೆಂಟಿಮೀಟರ್ ಕಳ್ಕೋತೀರಿ. ಪುಣೆ-ಬೆಂಗಳೂರು ಹೈವೇ ಮ್ಯಾಲೆ ಮಾತ್ರ ಓಡಾಡೋರಿಗೆ 19 ನಡೀತೈತಿ, ನಿಮಗ ಅಲ್ಲ. ಕಬ್ಬಿನ ಸೀಜನ್‌ದಾಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಓಡಿ ಓಡಿ ರೋಡಿನ ಅಂಚು ಹೆಂಗ ಕಿತ್ತಿರ್ತೈತಿ ನಿಮಗ ಹೇಳೋದ್ ಬ್ಯಾಡ, ರಾತ್ರಿ ಎದುರಿನ ಟ್ರ್ಯಾಕ್ಟರ್‌ಗೆ ಸೈಡ್ ಕೊಡೂವಾಗ ಎಡಗಡೆ ವ್ಹೀಲ್ ಆ ಅಂಚಿಗೆ ಬಿದ್ರ 20 ಇಂಚಿನ ರಿಮ್ ಒಳಗಿನ ಬಾಯಿ ಮಡಚೋದು ಗ್ಯಾರಂಟಿ.

ನನ್ನ ಮಾತು ಕೇಳ್ತೀರಂದ್ರ 18 ಇಂಚಿಗೆ ನಿಲ್ರಿ, 245/45. ಆದ್ರ ರಿಮ್ ಆಫ್‌ಸೆಟ್ ಸರಿ ಆರಿಸ್ರಿ, ಲುಕ್ ಇರೋದ ಅದರಾಗ. ಆಫ್‌ಸೆಟ್ ಅಂದ್ರ ರಿಮ್ಮಿನ ನಟ್ಟನಡುವಿಂದ ಹಬ್ಬಿಗೆ ಕೂಡೋ ಮುಖದ ತನಕ ಇರೋ ಅಂತರ, ಇಟಿ ಅಂತ ಮಿಲಿಮೀಟರ್‌ದಾಗ ಬರೀತಾರ, ಅಂಕಿ ಕಮ್ಮಿ ಆದ್ರ ವ್ಹೀಲ್ ಹೊರಗ ಬರ್ತೈತಿ. ಕಂಪನಿ 17 ರಿಮ್ 8 ಇಂಚ್ ಅಗಲ, ಇಟಿ 30. ಅದರ ಬದ್ಲಿ 8.5 ಅಗಲ, ಇಟಿ 25 ತಗೊಂಡ್ರ ರಿಮ್ಮಿನ ಹೊರ ಅಂಚು ಸುಮಾರು 11 ಮಿಲಿಮೀಟರ್ ಹೊರಗ ಬರ್ತೈತಿ, ಅಗಲದ್ದು ಆರಕ್ಕಿಂತ ಸ್ವಲ್ಪ ಹೆಚ್ಚು, ಆಫ್‌ಸೆಟ್‌ದು ಐದು. ಒಂದೊಂದ್ ಕಡೆ 11 ಅಂದ್ರ ಕಣ್ಣಿಗೆ ಭಾಳ ಫರಕ್ರಿ. ಗಾಡಿ ಎತ್ತರ ಕಾಣೋದಕ್ಕ ಅರ್ಧ ಕಾರಣ ಗ್ಯಾಪ್, ಇನ್ನರ್ಧ ಕಾರಣ ವ್ಹೀಲ್ ಮಡ್‌ಗಾರ್ಡ್ ಒಳಗ ಸೇರ್ಕೊಂಡಿರೋದು. ವ್ಹೀಲ್ ಹೊರಗ ಬಂದು ಬಾಡಿ ಲೈನಿಗೆ ನಿಂತ್ರ ಗಾಡಿ ಅಗಲ ಕಾಣ್ತೈತಿ, ಅಗಲ ಕಂಡ್ರ ತಾನ ತಗ್ಗ ಕಾಣ್ತೈತಿ, ಒಂದ್ ಮಿಲಿಮೀಟರ್ ಇಳಸದನ. ನಿಮ್ಮೂರಿನ ಮುಧೋಳ ನಾಯಿ ನೋಡ್ರಿ, ಕಾಲು ಉದ್ದ, ಹೊಟ್ಟಿ ನೆಲದಿಂದ ಎಷ್ಟ ಮ್ಯಾಲೆ ಇರ್ತೈತಿ, ಆದ್ರೂ ನಿಂತ ನಿಲುವಿನಾಗನ ಓಟ ಕಾಣ್ತೈತಿ. ದೊಡ್ಡ ಸೆಡಾನ್‌ಗೆ ಬೇಕಾದ್ದು ಆ ನಿಲುವು.

ರಿಮ್ ತಗೊಳೂವಾಗ ಬೋಲ್ಟ್ ಅಳತಿ ಪಕ್ಕಾ ನೋಡ್ರಿ. ಎಫ್10ಗೆ ಐದ್ ಬೋಲ್ಟು, 120 ಮಿಲಿಮೀಟರ್ ಸರ್ಕಲ್, ನಡುವಿನ ಹೋಲ್ 72.6. ಇದರ ಮುಂದಿನ ಜಿ30 5 ಸೀರೀಸ್‌ಗೆ ಬಿಎಮ್‌ಡಬ್ಲ್ಯು 112ಕ್ಕ ಬದಲಾಯಿಸ್ತು, ಔಡಿ, ಮರ್ಸಿಡಿಸ್ ಇದ್ದಂಗ. ಅದಕ್ಕ ಬಿಎಮ್‌ಡಬ್ಲ್ಯುದ್ದ ಒರಿಜಿನಲ್ ರಿಮ್ ಐತಿ, ನಿಮ್ಮ ಗಾಡಿಗೂ ಬರ್ತೈತಿ ಅಂತ ಯಾರರ ತೋರಿಸಿದ್ರ ಹಿಂದ ತಿರುವಿ ಅಳತಿ ಓದ್ರಿ. ಅಲುಗಾಡೋ ವಾಶರ್ ಇರೋ ಬೋಲ್ಟ್ ಹಾಕಿ 112 ರಿಮ್‌ನ 120 ಹಬ್ಬಿಗೆ ಕೂಡಿಸಿ ಕೊಡ್ತೀವಿ ಅಂತಾರ, ಬಿಲ್‌ಕುಲ್ ಬ್ಯಾಡ. ಹೊರಗಿನ ರಿಮ್ ನಡುವಿನ ಹೋಲ್ ದೊಡ್ಡದಿದ್ರ ಹಬ್ ರಿಂಗ್ ಬೇಕು, ಇಲ್ಲಾಂದ್ರ 80-100 ಸ್ಪೀಡಿಗೆ ವೈಬ್ರೇಶನ್. ಬೆಳಗಾವಿ ಉದ್ಯಮಬಾಗದಾಗ ಅಳತಿ ಕೊಟ್ರ ಅಲ್ಯೂಮಿನಿಯಂ ಹಬ್ ರಿಂಗ್ ಲೇತ್ ಮ್ಯಾಲೆ ಚಂದ ಟರ್ನ್ ಮಾಡಿ ಕೊಡೋರು ಅದಾರ, ಹಬ್ ರಿಂಗ್ ಮಾಡ್ಸೋದಕ್ಕ ನನ್ನ ಅಡ್ಡಿ ಇಲ್ಲ, ಅದು ವ್ಹೀಲ್ ಸೆಂಟರ್‌ನಾಗ ಕೂಡಸ್ತೈತಿ, ಭಾರ ಎತ್ತೋದು ಬೋಲ್ಟ್ ಬಿಗಿತ. ಆದ್ರ ವ್ಹೀಲ್ ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವ ಹಾಕೋ ಬಿಲ್ಲೆ) ಲೇತ್‌ದಾಗ ಮಾಡಿಸಿ ಹಳೆ ಬೋಲ್ಟ್ ಹಾಕಬ್ಯಾಡ್ರಿ. ಸ್ಪೇಸರ್ 10 ಮಿಲಿಮೀಟರ್ ಆದ್ರ ಬೋಲ್ಟೂ 10 ಮಿಲಿಮೀಟರ್ ಉದ್ದ ಇರಬೇಕು, ಇಲ್ಲಾಂದ್ರ ಥ್ರೆಡ್ ಹಿಡಿಯೋದು ನಾಕೈದು ಸುತ್ತು ಅಷ್ಟ. ಬೋಲ್ಟ್ ಟೈಟ್ 140 ನ್ಯೂಟನ್ ಮೀಟರ್, ಟಾರ್ಕ್ ರೆಂಚ್ ಹಿಡಿದು, ನ್ಯೂಮ್ಯಾಟಿಕ್ ಗನ್ ಮ್ಯಾಲೆ ಬಿಡಬ್ಯಾಡ್ರಿ.

ಬೆಳಗಾವಿ ಅಂದ್ರ ಫೌಂಡ್ರಿ ಊರು, ಕಾಸ್ಟಿಂಗ್ ಒಳಗ ಗಾಳಿ ಗುಳ್ಳಿ ಉಳಿದ್ರ ಏನಾಗ್ತೈತಿ ಇಲ್ಲಿ ಹುಡುಗರಿಗೂ ಗೊತ್ತು. ರಿಮ್ಮೂ ಹಂಗ. ಸಸ್ತಾ ರೆಪ್ಲಿಕಾ ರಿಮ್ ಎರಕ ಹೊಯ್ದದ್ದು, ಜೋರ್ ಹೊಡೆತಕ್ಕ ಸೀಳು ಬಿಡ್ತಾವ. ಫೋರ್ಜ್ಡ್ ರಿಮ್ ಅದಕ್ಕೂ ಹಗುರ, ಹೊಡೆತ ಬಿದ್ರ ಒಡೆಯೋ ಮೊದಲ ಮಡಚ್ತಾವ, ರೇಟು ಹೆಚ್ಚು. ನಡುವ ಫ್ಲೋ ಫಾರ್ಮ್ಡ್ ಅಂತ ಬರ್ತಾವ, ಎರಕ ಹೊಯ್ದು ಬ್ಯಾರಲ್ ಭಾಗ ರೋಲ್ ಮಾಡಿ ಹಿಗ್ಗಿಸಿರ್ತಾರ, ನಿಮ್ಮ ಬಜೆಟ್‌ಗೆ ಇವು ಸರಿ, ಇಲ್ಲಾ ಬಿಎಮ್‌ಡಬ್ಲ್ಯುದ್ದ ಬಳಸಿದ ಒರಿಜಿನಲ್ 18 ಸೆಟ್ ಸಿಕ್ರ ಇನ್ನೂ ಚಲೋ, ಅವು 8 ಇಂಚ್ ಇಟಿ 30 ಇರ್ತಾವ, ಮ್ಯಾಲೆ ಒಳ್ಳೆ ಕಂಪನಿ 10 ಮಿಲಿಮೀಟರ್ ಹಬ್ ಸೆಂಟ್ರಿಕ್ ಸ್ಪೇಸರ್ ಹಾಕಿದ್ರ ನಾ ಮ್ಯಾಲೆ ಹೇಳಿದ ನಿಲುವ ಬರ್ತೈತಿ. ಬಳಸಿದ್ದು ತಗೊಂಡ್ರ ಬ್ಯಾಲೆನ್ಸಿಂಗ್ ಮಶಿನ್‌ಗೆ ಹಾಕಿ ತಿರುಗಿಸಿ ನೋಡದ ರೊಕ್ಕ ಕೊಡಬ್ಯಾಡ್ರಿ, ಒಳಬಾಯಿಗೆ ವೆಲ್ಡಿಂಗ್ ಮಾಡಿದ ಗುರುತಿದ್ರ ಬಿಟ್ಟು ಬರ್ರಿ, ಅಲಾಯ್‌ಗೆ ಕೊಟ್ಟ ಹೀಟ್ ಟ್ರೀಟ್ಮೆಂಟ್ ಆ ಜಾಗದಾಗ ಸತ್ತಿರ್ತೈತಿ.

ಟೈರ್ ಬಗ್ಗೆ ಒಂದ್ ಮಾತು. ನಿಮ್ಮ ಗಾಡಿಗೆ ಕಂಪನಿಯಿಂದ ರನ್‌ಫ್ಲಾಟ್ ಬಂದಿರ್ತಾವ, ಗಾಳಿ ಹೋದ್ರೂ ಗೋಡೆ ಮ್ಯಾಲೆ ನಿಂತು ಸ್ವಲ್ಪ ದೂರ ಓಡ್ತಾವ, ಅದಕ್ಕ ಗೋಡೆ ಭಾಳ ಗಟ್ಟಿ, ಅದಕ್ಕ ತೆಗ್ಗಿನಾಗ ಒರಟ. ಸಾದಾ ಟೈರ್‌ಗೆ ಬಂದ್ರ 18 ಇಂಚಿನಾಗೂ ಈಗಿನ 17ಕ್ಕಿಂತ ಮೆತ್ತಗ ಅನಸಬಹುದು. ಆದ್ರ ಡಿಕ್ಕಿಯಾಗ ಸ್ಟೆಪ್ನಿ ಐತೇನ ನೋಡ್ಕೋರಿ, ಇಲ್ಲಾಂದ್ರ ಒಂದ್ ಸ್ಪೇಸ್ ಸೇವರ್ (ತೆಳ್ಳನ ಸ್ಟೆಪ್ನಿ) ಮತ್ತ ಹವಾ ಪಂಪ್ ಇಟ್ಕೋಬೇಕು, ರಾತ್ರಿ ಹತ್ತಕ್ಕ ಲೋಕಾಪುರ ದಾಟಿದ ಮ್ಯಾಲೆ ಪಂಕ್ಚರ್ ಆದ್ರ 18 ಇಂಚಿನ ಟೈರ್ ಯಾರೂ ತಂದ್ ಕೊಡಂಗಿಲ್ಲ. ನಾಕೂ ಒಂದ ಬ್ರ್ಯಾಂಡ್ ಹಾಕ್ರಿ, ಲೋಡ್ ಇಂಡೆಕ್ಸ್ ಕಂಪನಿಗಿಂತ ಕಮ್ಮಿ ಇರಬಾರ್ದು, 97 ಅಂದ್ರ ಒಂದ್ ಟೈರ್ 730 ಕೆಜಿ ಹೊರ್ತೈತಿ ಅಂತ ಅರ್ಥ.

ಈಗ ಬರೂಣು ನಿಮ್ಮ ಮುಖ್ಯ ಆಸೆಗೆ, ಕೆಳಗ ಕೂಡ್ಸೋದು. ಇಲ್ಲೆ ಸ್ವಲ್ಪ ತಾಳ್ಮೆಯಿಂದ ಓದ್ರಿ.

ನಿಮ್ಮ ಗಾಡಿ ವ್ಹೀಲ್‌ಬೇಸ್ 2968 ಮಿಲಿಮೀಟರ್, ಹತ್ರ ಹತ್ರ ಮೂರ್ ಮೀಟರ್. ನೆಲದಿಂದ ಹೊಟ್ಟಿ ಖಾಲಿ ಗಾಡಿಗೆ ಸುಮಾರು 14 ಸೆಂಟಿಮೀಟರ್ ಹಿಡೀರಿ, ನಾಕ ಮಂದಿ ಕೂತು ಡಿಕ್ಕಿ ತುಂಬಿದ್ರ ಎರಡ್ ಮೂರ್ ಸೆಂಟಿಮೀಟರ್ ಅದರಾಗ ಹೋಗ್ತೈತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ಸ್ಪೀಡಿಗೆ ದಾಟಾಕ ಅಂತ ಮಾಡಿದ್ದು. ಅಂಥಾ ಹಂಪಿನ ಮ್ಯಾಲೆ ಗಾಡಿ ನಟ್ಟನಡುವ ಬಂದಾಗ ನಾಕೂ ವ್ಹೀಲ್ ಇನ್ನೂ ಹಂಪಿನ ಇಳಿಜಾರಿನ ಮ್ಯಾಲೆನ ಇರ್ತಾವ, ಅದಕ್ಕ ಹೊಟ್ಟಿ ಕೆಳಗ ಏಳೋ ಗುಡ್ಡ ಆರೂವರಿ ಸೆಂಟಿಮೀಟರ್ ಅಷ್ಟ, ಆರಾಮ ದಾಟ್ತೈತಿ. ಆದ್ರ ನಮ್ಮ ಹಳ್ಳಿ ಮುಂದ ಮಂದಿ ತಾವ ಕಾಂಕ್ರೀಟ್ ಹಾಕಿ ಮಾಡಿದ ಹಂಪ್ ಒಂದ್ ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಇದ್ರ ಮುಂದಿನ ವ್ಹೀಲ್ ಇಳಿದು ಸಪಾಟಕ್ಕ ಬಂದಿರ್ತಾವ, ಹಿಂದಿನವು ಇನ್ನೂ ಹತ್ತಿರಂಗಿಲ್ಲ, ಆ 15ಕ್ಕ 15ಊ ಹೊಟ್ಟಿಗೆ ಬರ್ತೈತಿ. ಅಂದ್ರ ಕಂಪನಿ ಎತ್ತರದಾಗನ ತಿಕ್ತೈತಿ. ಇದರಾಗ ನೀವು ಮತ್ತ ನಾಕ ಸೆಂಟಿಮೀಟರ್ ಇಳಿಸಿದ್ರ ಆಯಿಲ್ ಚೇಂಬರ್ ಕೆಳಗಿನ ಪ್ಲಾಸ್ಟಿಕ್ ಕವರ್ ಮೊದಲ ಕಿತ್ತು ಹೋಗ್ತೈತಿ, ಆಮ್ಯಾಲೆ ಸರತಿ ಚೇಂಬರ್‌ದು. ಹಂಪನ್ನ ವಾರಿಯಾಗಿ, ಒಂದೊಂದ ವ್ಹೀಲ್ ಹತ್ತಿಸಿ ದಾಟಿದ್ರ ಸ್ವಲ್ಪ ಉಳೀತೈತಿ, ಆದ್ರ ದಿನಾ ಎದುರಿನ ಗಾಡಿ ನಿಲ್ಲಿಸಿ ಹಂಗ ದಾಟಾಕ ಆಗ್ತೈತೇನ್ರಿ?

ಎರಡನೇದು ಎರಿ ಭೂಮಿ. ಮುಧೋಳದಿಂದ ವಿಜಯಪುರ ತನಕ ಕರಿ ಮಣ್ಣು, ಮಳಿಗೆ ಉಬ್ಬತೈತಿ, ಬ್ಯಾಸಿಗಿಗೆ ಬಿರಿದು ಕುಗ್ಗತೈತಿ, ಅದರ ಮ್ಯಾಲಿನ ಡಾಂಬರ್ ಉದ್ದುದ್ದ ತೆರಿ ಎದ್ದಂಗ ಆಗ್ತೈತಿ. ತೆಗ್ಗ ಕಾಣಂಗಿಲ್ಲ, ರೋಡ ಚಲೋ ಐತಿ ಅನಸ್ತೈತಿ, 80-90ರಾಗ ಹೋದ್ರ ಗಾಡಿ ಒಮ್ಮೆ ಏಳ್ತೈತಿ, ಒಮ್ಮೆ ಕುಂತ ಬಿಡ್ತೈತಿ. ಅಂಥಾ ಕಡೆ ಸಸ್ಪೆನ್ಶನ್‌ಗೆ ಪೂರಾ ಓಡಾಟ ಬೇಕು. ಸ್ಪ್ರಿಂಗ್ ಗಿಡ್ಡ ಆದಷ್ಟು ಗಾಡಿ ಮೊದಲ ಕೆಳಗ ಕುಂತಿರ್ತೈತಿ, ಬಂಪ್ ಸ್ಟಾಪ್ ಹತ್ರ ಬಂದಿರ್ತೈತಿ, ತೆರಿ ಇಳಿದ ಕೂಡ್ಲೇ ಧಡ್ ಅಂತ ಆ ಸ್ಟಾಪ್ ಮ್ಯಾಲೆ ಬೀಳ್ತೈತಿ. ಲಗ್ಝುರಿ ಗಾಡಿ ಅನ್ನೋದರ ಸುಖ ಇರೋದು ಬಾಡಿ ಸೆಕೆಂಡಿಗೆ ಒಂದ್ ಸಲಕ್ಕಿಂತ ಸ್ವಲ್ಪ ಹೆಚ್ಚು, ನಿಧಾನಕ ತೂಗಿ ನಿಲ್ಲೋದರಾಗ, ಅದಕ್ಕ ಅಂತನ ಎಂಜಿನಿಯರ್‌ಗಳು ಸ್ಪ್ರಿಂಗ್, ಶಾಕಪ್ ಕೂಡಿಸಿ ಟ್ಯೂನ್ ಮಾಡಿರ್ತಾರ, ನೀವು ರೊಕ್ಕ ಕೊಟ್ಟು ತಗೊಂಡದ್ದೂ ಅದನ್ನ.

ಸ್ಪ್ರಿಂಗ್ ಕಟ್ ಮಾಡ್ಸೋ ಮಾತಂತೂ ಇಲ್ಲಿಗೆ ಮುಗಸ್ರಿ. ಎಂಟ್ ಸುತ್ತಿನ ಸ್ಪ್ರಿಂಗ್‌ದಾಗ ಒಂದ್ ಸುತ್ತು ಕಡಿದ್ರ ಉಳಿದದ್ದು ಸುಮಾರು 14 ಪರ್ಸೆಂಟ್ ಗಟ್ಟಿ ಆಗ್ತೈತಿ, ಅದು ಸಣ್ಣ ತೊಂದ್ರಿ. ದೊಡ್ಡ ತೊಂದ್ರಿ ಏನಂದ್ರ ಕಡಿದ ತುದಿ ಸೀಟಿನಾಗ ಸರಿ ಕೂಡಂಗಿಲ್ಲ, ವ್ಹೀಲ್ ಜೋತುಬಿದ್ದಾಗ ಸ್ಪ್ರಿಂಗ್ ಸಡಲ ಆಗಿ ಜಾಗ ಬಿಡ್ತೈತಿ, ಗ್ಯಾಸ್ ಕಟ್ಟರ್ ಹಿಡಿದ್ರ ಆ ಬಿಸಿಗೆ ಉಕ್ಕಿನ ಹದ ಹೋಗಿ ಮುಂದೊಂದಿನ ಅಲ್ಲೇ ಮುರೀತೈತಿ. 110 ಸ್ಪೀಡಿನಾಗ ಹತ್ತರಗಿ ಟೋಲ್ ದಾಟಿ ಹೊಂಟಾಗ ಮುರಿದ್ರ ಏನ್ ಮಾಡ್ತೀರಿ, ಗಾಡಿಯಾಗ ಮನಿ ಮಂದಿ ಇರ್ತಾರ.

ಕಾಯಿಲ್‌ಓವರ್ ಒಳ್ಳೆ ಸಾಮಾನು, ಸುಳ್ಳ ಹೇಳಂಗಿಲ್ಲ. ಕೆಡಬ್ಲ್ಯು ಕಂಪನಿದ್ದು ತಗೊಂಡ್ರ ವೇರಿಯಂಟ್ 1ರಾಗ ಎತ್ತರ ಅಷ್ಟ ಅಡ್ಜಸ್ಟ್, ವೇರಿಯಂಟ್ 3ರಾಗ ಶಾಕಪ್ ಒತ್ತೋದು, ಏಳೋದು ಎರಡೂ ಬ್ಯಾರೆ ಬ್ಯಾರೆ ಅಡ್ಜಸ್ಟ್ ಮಾಡಬಹುದು. ಆದ್ರ ಒರಿಜಿನಲ್ ಸೆಟ್ ತರ‍್ಸಿದ್ರ ನಿಮ್ಮ ಬಜೆಟ್ ಅಲ್ಲೇ ಖಾಲಿ, ಸಸ್ತಾ ಸೆಟ್ ತಗೊಂಡ್ರ ನಮ್ಮ ಧೂಳಿಗೆ ಥ್ರೆಡ್ ಜಾಮ್ ಆಗಿ ಒಂದ್ ಮಳಿಗಾಲ ಆದ್ಮ್ಯಾಲೆ ಅಡ್ಜಸ್ಟೂ ಆಗಂಗಿಲ್ಲ. ವಾರಕ್ಕೊಮ್ಮೆ ಬೆಳಗಾವಿಗೆ ಹೋಗಿ ಬರೋ ಮನಿ ಗಾಡಿಗೆ ಇದು ಬೇಕಾಗಿಲ್ಲ.

ಏರ್ ಸಸ್ಪೆನ್ಶನ್ ಹೇಳಿದ ನಿಮ್ಮ ಗೆಳ್ಯಾರ ವಿಚಾರ ಒಂದ್ ಲೆಕ್ಕಕ್ಕ ಖರೇನ, ನಿಂತಾಗ ಕೆಳಗ, ಹಂಪಿಗೆ ಮ್ಯಾಲೆ, ಎರಡೂ ಗಾಳಿ ಬ್ಯಾಗಿನಾಗ ಆಗ್ತೈತಿ. ಮರ್ಸಿಡಿಸ್ 1998ರ ಎಸ್ ಕ್ಲಾಸ್‌ಗೆ ಏರ್‌ಮ್ಯಾಟಿಕ್ ಅಂತ ಕೊಟ್ಟದ್ದು ಇದನ್ನ. ಆದ್ರ ಅದು ಗಾಡಿ ಹುಟ್ಟುವಾಗನ ಲೆಕ್ಕ ಹಾಕಿ ಕೂಡಿಸಿದ್ದು, ಅದಕ್ಕೂ ವಯಸ್ಸಾದ್ರ ಬ್ಯಾಗ್ ಸೀಳಿ ಗಾಳಿ ಸೋರ್ತೈತಿ, ಸೋರೋದು ತುಂಬಾಕ ಕಂಪ್ರೆಸರ್ ಒಂದ ಸವನ ಓಡಿ ಸುಟ್ಟು ಹೋಗ್ತೈತಿ. ನಿಮ್ಮ ಎಫ್10 ಸೆಡಾನ್‌ಗೆ ಕಂಪನಿ ನಾಕೂ ಕಡೆ ಕಾಯಿಲ್ ಸ್ಪ್ರಿಂಗನ ಕೊಟ್ಟೈತಿ. ಹೊರಗಿನ ಕಿಟ್ ಹಾಕಿದ್ರ ಟ್ಯಾಂಕು, ಕಂಪ್ರೆಸರ್, ವಾಲ್ವು ಎಲ್ಲಾ ಡಿಕ್ಕಿಯಾಗ ಕೂಡಬೇಕು, ಬ್ಯಾಟರಿನೂ ಅಲ್ಲೇ ಐತಿ, 520 ಲೀಟರ್ ಡಿಕ್ಕಿ ಅರ್ಧಕ್ಕ ಬರ್ತೈತಿ, ಪೈಪಿನಾಗ ನೀರು ಕೂಡಿದ್ರ ಬಿಚ್ಚಿ ತೆಗೀಬೇಕು, ಬೆಳಗಾವಿಯಾಗ ರಿಪೇರಿ ಬಲ್ಲೋರು ಸಿಗೋದು ಕಷ್ಟ. ಕಾನೂನಿನ ತೊಡಕು ಬ್ಯಾರೆ, ಅದನ್ನ ಮುಂದ ಹೇಳ್ತೀನಿ.

ಹಂಗಾರ ಏನ್ ಮಾಡಬೇಕು? ಬುಷ್ ಎಲ್ಲಾ ಸರಿ ಆಗಿ, 18 ರಿಮ್ ಕುಂತ ಮ್ಯಾಲೆ ಗಾಡಿ ಒಂದ್ ತಿಂಗಳ ಓಡಿಸ್ರಿ. ಶಾಕಪ್ ಹಳೇವು ಇದ್ರ ಕಂಪನಿ ಸ್ಪ್ರಿಂಗ್ ಹಂಗ ಇಟ್ಟು ಬಿಲ್‌ಸ್ಟೈನ್ ಕಂಪನಿ ಬಿ4 ಶಾಕಪ್ ಹಾಕಿದ್ರ ಹೊಸ ಗಾಡಿ ಸುಖ ಬರ್ತೈತಿ, ಬಿ6 ಹಾಕಿದ್ರ ಸ್ವಲ್ಪ ಬಿಗಿ, ತೆರಿ ರೋಡಿನಾಗ ಗಾಡಿ ಬೇಗ ನಿಲ್ತೈತಿ, ನನಗ ನಿಮ್ಮ ರೋಡಿಗೆ ಬಿ6 ಹಿಡಸ್ತೈತಿ. ಅದಾದ್ಮ್ಯಾಲೂ ಕೆಳಗ ಬೇಕ ಬೇಕು ಅನಸಿದ್ರ ಒಳ್ಳೆ ಕಂಪನಿ ಲೋವರಿಂಗ್ ಸ್ಪ್ರಿಂಗ್, ಐಬಾಕ್ ಅಥವಾ ಎಚ್ ಅಂಡ್ ಆರ್, 20-25 ಮಿಲಿಮೀಟರ್‌ಗಿಂತ ಹೆಚ್ಚು ಇಳಸದಂಥಾದ್ದು, ಅದಕ್ಕ ಜೋಡಿ ಗಿಡ್ಡ ರಾಡಿನ ಬಿ8 ಶಾಕಪ್. ಗಿಡ್ಡ ಸ್ಪ್ರಿಂಗ್‌ಗೆ ಉದ್ದ ಶಾಕಪ್ ಹಾಕಿದ್ರ ಶಾಕಪ್ ಯಾವಾಗ್ಲೂ ಅರ್ಧ ಒತ್ತಿದ್ದ ಇರ್ತೈತಿ, ಬೇಗ ಹೋಗ್ತೈತಿ. ಬಿ6 ತಗೊಂಡು ಆಮ್ಯಾಲೆ ಸ್ಪ್ರಿಂಗ್ ಬದಲಿಸಿದ್ರ ರೊಕ್ಕ ಎರಡ್ ಸಲ ಹೋಗ್ತೈತಿ, ಅದಕ್ಕ ಶಾಕಪ್ ಆರ್ಡರ್ ಮಾಡೋ ಮೊದಲ ಇದನ್ನ ತೀರ್ಮಾನ ಮಾಡ್ರಿ.

ಆರ್ಡರ್ ಮೊದಲ ಇನ್ನೊಂದ್ ನೋಡಬೇಕು. ಕೆಲವ್ ಎಫ್10ಗೆ ಎಲೆಕ್ಟ್ರಾನಿಕ್ ಶಾಕಪ್ ಇರ್ತಾವ, ಶಾಕಪ್ಪಿಗೆ ವೈರ್ ಹೋಗಿರ್ತೈತಿ. ಅಂಥಾ ಗಾಡಿಗೆ ಸಾದಾ ಶಾಕಪ್ ಹಾಕಿದ್ರ ಡ್ಯಾಶ್‌ಬೋರ್ಡ್ ಮ್ಯಾಲೆ ಎರರ್ ಬರ್ತೈತಿ, ಕೋಡಿಂಗ್ ಮಾಡಬೇಕಾಗ್ತೈತಿ. ಚಾಸಿ ನಂಬರಿನ ಕಡೀ ಏಳು ಅಕ್ಷರ ಪಾರ್ಟ್ಸ್ ಕ್ಯಾಟಲಾಗ್‌ದಾಗ ಹಾಕಿದ್ರ ನಿಮ್ಮ ಗಾಡಿ ಯಾವ ಆಪ್ಶನ್ ಜೋಡಿ ಫ್ಯಾಕ್ಟರಿಯಿಂದ ಹೊರಗ ಬಂತು ಪೂರಾ ತಿಳೀತೈತಿ. ಝೆನಾನ್ ಹೆಡ್‌ಲೈಟ್ ಇದ್ರ ಆಕ್ಸಲ್ ಹತ್ರ ಎತ್ತರದ ಸೆನ್ಸರ್ ಇರ್ತಾವ, ಗಾಡಿ ಇಳಿಸಿದ ಮ್ಯಾಲೆ ಅದನ್ನ ಮತ್ತ ಕ್ಯಾಲಿಬ್ರೇಟ್ ಮಾಡದಿದ್ರ ಲೈಟ್ ಬೀಳಬೇಕಾದಲ್ಲಿ ಬೀಳಂಗಿಲ್ಲ. ಅಲೈನ್‌ಮೆಂಟ್ ನಾಕೂ ವ್ಹೀಲ್‌ದು ಆಗಬೇಕು, ಇಳಿಸಿದಾಗ ಹಿಂದಿನ ವ್ಹೀಲ್ ಮ್ಯಾಲಿನ ಅಂಚು ಒಳಗ ವಾಲ್ತೈತಿ, ಟೋ (ವ್ಹೀಲ್ ನೇರ ಮುಂದ ನೋಡೋ ಕೋನ) ತಪ್ತೈತಿ, ಟೈರಿನ ಒಳ ಅಂಚು ಸವೆದು ದಾರ ಕಾಣೂತನಕ ಹೊರಗಿಂದ ನಿಮಗ ಗೊತ್ತಾಗಂಗಿಲ್ಲ. ಮಡ್‌ಗಾರ್ಡ್ ಅಂಚು ಬಡಿದು ಮಡಚ್ತೀವಿ ಅಂದ್ರ ಮುಂದಿನದಕ್ಕ ಕೈ ಹಚ್ಚಾಕ ಬಿಡಬ್ಯಾಡ್ರಿ, ಎಫ್10 ಬಾನೆಟ್, ಬಾಗಲಾ, ಮುಂದಿನ ಫೆಂಡರ್ ಅಲ್ಯೂಮಿನಿಯಂ, ತಗಡಿನಂಗ ಬಡಿದ್ರ ಸೀಳ್ತೈತಿ. ನಾ ಹೇಳಿದ 18 ಸೈಜಿಗೆ ಮಡಚೋ ಪ್ರಸಂಗನ ಬರಂಗಿಲ್ಲ.

ಮ್ಯಾಟ್ ಬ್ಲ್ಯಾಕ್ ಬಗ್ಗೆ ನನ್ನ ಮನಸಿನ ಮಾತ ಹೇಳ್ತೀನಿ, ಬ್ಯಾಡ್ರಿ. ಮೊದಲ ಕಾನೂನು: ಆರ್‌ಸಿಯಾಗ ಬಣ್ಣ ಬಿಳಿ ಅಂತ ಐತಿ, ಪೂರಾ ಕಪ್ಪ ರ‍್ಯಾಪ್ ಮಾಡಿದ್ರ ಆರ್‌ಟಿಓದಾಗ ಬದಲು ಮಾಡಿಸ್ಕೋಬೇಕು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಾಗಿನ ಮಾಹಿತಿ ಕಂಪನಿ ಕೊಟ್ಟದ್ದಕ್ಕಿಂತ ಬ್ಯಾರೆ ಆಗುವಂಗ ಗಾಡಿ ಬದಲಿಸಬಾರ್ದು, ಸುಪ್ರೀಂ ಕೋರ್ಟೂ 2019ರ ಜನವರಿಯಾಗ ಇದನ್ನ ಗಟ್ಟಿ ಹೇಳೈತಿ, ಅದ ವರ್ಷದ ತಿದ್ದುಪಡಿ ಆದ್ಮ್ಯಾಲೆ 182ಎ ಸೆಕ್ಷನ್‌ದಾಗ ಒಂದೊಂದ್ ಬದಲಾವಣೆಗೂ ಮಾಲಕಗ 5000 ರೂಪಾಯಿ ದಂಡ ಇಲ್ಲಾ ಆರ್ ತಿಂಗಳ ತನಕ ಜೈಲು, ಎರಡೂ ಆಗಬಹುದು. ಏರ್ ಕಿಟ್ ಬ್ಯಾಡ ಅಂದದ್ದಕ್ಕ ಇದೂ ಒಂದ್ ಕಾರಣ. ಪುಣೆ ಗಾಡಿ ಅಂತೀರಿ, ಎಂಎಚ್ ಪಾಸಿಂಗ್ ಇನ್ನೂ ಇದ್ರ ಎನ್‌ಓಸಿ ತಂದು ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡ್ಸೋದು ಮೊದಲ, ಬಾಕಿದ್ದು ಆಮ್ಯಾಲೆ.

ಎರಡನೇದು ನಮ್ಮ ಬಿಸಿಲು, ನಮ್ಮ ನೀರು. ಏಪ್ರಿಲ್-ಮೇದಾಗ 40 ಡಿಗ್ರಿ ದಾಟ್ತೈತಿ, ಬಾನೆಟ್ ಮತ್ತ ಟಾಪ್ ಮ್ಯಾಲಿನ ಫಿಲ್ಮ್ ಬಾಗಲದ್ದಕ್ಕಿಂತ ಎಷ್ಟೋ ಬೇಗ ಹಾಳಾಗ್ತೈತಿ, ಅದೂ ಕಪ್ಪಿದ್ರ ಇನ್ನೂ ಬೇಗ. ಬೋರಿನ ನೀರು ಸವಳ, ತೊಳೆದು ಒರಸೂದರಾಗನ ಹನಿ ಒಣಗಿ ಬಿಳೆ ಕಲೆ ಉಳೀತಾವ, ಹೊಳೆಯೋ ಪೇಂಟ್ ಮ್ಯಾಲಿದ್ದ ಕಲೆ ಪಾಲಿಶ್ ಹಿಡಿದು ತೆಗೀಬಹುದು, ಮ್ಯಾಟ್‌ಗೆ ಪಾಲಿಶ್ ಹಚ್ಚಾಕ ಬರಂಗಿಲ್ಲ, ಹಚ್ಚಿದ್ರ ಆ ಜಾಗ ಮಿಂಚ್ತೈತಿ. ಬಿಳಿ ಗಾಡಿ ಬಿಸಿಲಿಗೂ ಧೂಳಿಗೂ ನಮ್ಮ ಸೀಮಿಗೆ ಹೇಳಿ ಮಾಡಿಸಿದ ಬಣ್ಣ, ಅದನ್ನ ಮುಚ್ಚಬ್ಯಾಡ್ರಿ. ಗಟ್ಟಿ ಆಸೆ ಇದ್ರ ಬಂಪರ್ ಮತ್ತ ಬಾನೆಟ್ ಮುಂಭಾಗಕ್ಕ ಪಾರದರ್ಶಕ ಪಿಪಿಎಫ್ (ಪೇಂಟ್ ಕಾಯೋ ಫಿಲ್ಮ್) ಹಾಕಸ್ರಿ, ಟ್ರ್ಯಾಕ್ಟರ್ ಹಿಂದಿಂದ ಹಾರೋ ಕಲ್ಲು ತಡೀತೈತಿ, ಬಣ್ಣ ಬದಲಾಗಂಗಿಲ್ಲ, ಆರ್‌ಸಿ ತಂಟೆನೂ ಇಲ್ಲ.

ಬಿಳಿ ಗಾಡಿಗೆ ಕಪ್ಪ ಎಷ್ಟ ಬೇಕೋ ಅಷ್ಟ ಹಾಕಿದ್ರ ಭಾಳ ಚಂದ. ಮುಂದಿನ ಕಿಡ್ನಿ ಗ್ರಿಲ್ ಕಪ್ಪ ಮಾಡಸ್ರಿ, ಕಿಟಕಿ ಸುತ್ತಲಿನ ಬೆಳ್ಳಿ ಪಟ್ಟಿ ಹೊಳೆಯೋ ಕಪ್ಪ ಮಾಡಸ್ರಿ, ಬಿಎಮ್‌ಡಬ್ಲ್ಯು ತಾನ ಶ್ಯಾಡೋ ಲೈನ್ ಅಂತ ಇದನ್ನ ಕೊಡ್ತಿತ್ತು, ಅದಕ್ಕ ಹೊರಗಿಂದ ಮಾಡಿಸಿದಂಗ ಕಾಣಂಗಿಲ್ಲ. ಹೆಡ್‌ಲೈಟ್ ಹಳದಿ ಆಗಿದ್ರ ಪಾಲಿಶ್ ಮಾಡಿಸಿ ಮ್ಯಾಲೆ ಯುವಿ ಕೋಟಿಂಗ್ ಇಲ್ಲಾ ಪಿಪಿಎಫ್ ಹಾಕಸ್ರಿ, ಎಲ್ಲಾಕ್ಕಿಂತ ಕಮ್ಮಿ ರೊಕ್ಕದಾಗ ಗಾಡಿ ವಯಸ್ಸು ಇಳಿಸೋದು ಇದ. ಎಮ್ ಸ್ಪೋರ್ಟ್ ಬಂಪರ್ ಮನಸಿನಾಗ ಇದ್ರ ನಿಮ್ಮದು ಫೇಸ್‌ಲಿಫ್ಟ್ (ಕಂಪನಿ ನಡುವ ಮಾಡಿದ ಲುಕ್ ಬದಲಾವಣೆ) ಮೊದಲಿಂದೋ ಆಮ್ಯಾಲಿಂದೋ ನೋಡ್ಕೋರಿ, 2013ರಾಗನ ಬದಲಾತು, ಸೈಡ್ ಇಂಡಿಕೇಟರ್ ಕನ್ನಡಿ ಮ್ಯಾಲೆ ಇದ್ರ ಫೇಸ್‌ಲಿಫ್ಟ್. ಟೇಲ್ ಲೈಟ್‌ಗೆ ಕಪ್ಪ ಫಿಲ್ಮ್ ಹಾಕಬ್ಯಾಡ್ರಿ, ನಮ್ಮ ರೋಡಿನಾಗ ರಾತ್ರಿ ಹಿಂದ ಬರಾಂವಗ ನೀವು ಬ್ರೇಕ್ ಹೊಡೆದದ್ದು ಕಾಣ್ಲಿಲ್ಲಂದ್ರ ಮುಗೀತು. ಗ್ಲಾಸ್ ಟಿಂಟೂ ಅಷ್ಟ, ಮುಂದ ಹಿಂದ 70 ಪರ್ಸೆಂಟ್, ಸೈಡಿಗೆ 50 ಪರ್ಸೆಂಟ್ ಬೆಳಕು ಒಳಗ ಬರ್ಲೇಬೇಕು, 2012ರಾಗನ ಸುಪ್ರೀಂ ಕೋರ್ಟ್ ಕಪ್ಪ ಫಿಲ್ಮ್ ಬಂದ್ ಮಾಡೈತಿ.

ರೊಕ್ಕದ ಹಂಚಿಕೆ ಹೇಳ್ಬೇಕಂದ್ರ, ಮೂರ್ ಲಕ್ಷದಾಗ ಅರ್ಧ ಭಾಗ ಬುಷ್, ಆರ್ಮ್, ಶಾಕಪ್, ಅಲೈನ್‌ಮೆಂಟ್‌ಗೆ ಎತ್ತಿಡ್ರಿ. ಉಳಿದದ್ದರಾಗ ಹೆಚ್ಚಿನ ಪಾಲು ರಿಮ್ ಟೈರ್‌ಗೆ, ಮಿಕ್ಕಿದ್ರ ಗ್ರಿಲ್, ಪಟ್ಟಿ, ಲೈಟ್ ಪಾಲಿಶ್. ಹಾಕಿಸಿದ ಸಾಮಾನಿನ ಬಿಲ್ ಎಲ್ಲಾ ಇಟ್ಕೋರಿ, ಇನ್ಶೂರನ್ಸ್ ಕಂಪನಿಗೆ ಬರವಣಿಗಿಯಾಗ ತಿಳಸ್ರಿ, ಇಲ್ಲಾಂದ್ರ ಆ್ಯಕ್ಸಿಡೆಂಟ್ ಆದಾಗ ಕ್ಲೇಮ್‌ಗೆ ಜಗಳ ಆಗ್ತೈತಿ.

ಒಂದ್ ಕೆಲಸ ಈ ವಾರದಾಗ ಮಾಡ್ರಿ. ಗಾಡಿ ಸಪಾಟ ನೆಲದ ಮ್ಯಾಲೆ ನಿಲ್ಲಿಸಿ, ಅರ್ಧ ಟ್ಯಾಂಕ್ ಡೀಸೆಲ್ ಇದ್ದಾಗ, ನಾಕೂ ವ್ಹೀಲ್‌ದು ನಟ್ಟನಡುವಿಂದ ಮ್ಯಾಲಿನ ಮಡ್‌ಗಾರ್ಡ್ ಅಂಚಿನ ತನಕ ಟೇಪ್ ಹಿಡಿದು ಮಿಲಿಮೀಟರ್‌ದಾಗ ಅಳತಿ ಬರ‍್ಕೋರಿ. ಎಡಕ್ಕೂ ಬಲಕ್ಕೂ 10 ಮಿಲಿಮೀಟರ್‌ಗಿಂತ ಹೆಚ್ಚು ಫರಕ್ ಬಂದ್ರ ಒಂದ್ ಸ್ಪ್ರಿಂಗ್ ಕುಸಿದೈತಿ ಇಲ್ಲಾ ಗಾಡಿಗೆ ಹಳೆ ಆ್ಯಕ್ಸಿಡೆಂಟ್ ಆಗೈತಿ, ಹಂಗಿದ್ರ ರಿಮ್ ಆರ್ಡರ್ ಮಾಡಬ್ಯಾಡ್ರಿ, ಮೊದಲ ಅದನ್ನ ಹುಡುಕಬೇಕು. ಆ ನಾಕ ಅಳತಿ, ಚಾಸಿ ನಂಬರಿನ ಕಡೀ ಏಳು ಅಕ್ಷರ, ಲಿಫ್ಟ್ ಮ್ಯಾಲೆ ತೆಗೆದ ಬುಷ್ ಫೋಟೋ ಕಳಸಿದ್ರ ನಿಮ್ಮ ಗಾಡಿಗೆ ಯಾವ ಶಾಕಪ್ ಪಾರ್ಟ್ ನಂಬರ್ ಬರ್ತೈತಿ ಅದನ್ನ ನೋಡಿ ಹೇಳ್ತೀನಿ.